ತುಂಟ ಹುಡುಗಿಯ ಪುಸ್ತಕ ಬರೆದೆ, ಓದುವ ತುಂಟಿ ಮೊದಲ ಪದಕ್ಕೇ ನಿಂತಳು

ಚಿತ್ತುಕಾಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಓದು ಕಲಿಸಿದವರು, ಮಕ್ಕಳ ಪುಸ್ತಕ ಮಾಡಿದವರು ಇಲ್ಲಿ ಇದ್ದೀರಿ ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ನನ್ನ ಅಕ್ಕನ ಮಗಳಿಗೆ ಆರೂವರೆ ವರ್ಷ. ಕಾಗುಣಿತ ಮುಗಿದಿದೆ, ಒತ್ತಕ್ಷರ ಈಗಷ್ಟೇ ಶುರುವಾಗಿದೆ. ಕತೆ ಕೇಳು ಅಂದರೆ ಕಿವಿ ನೆಟ್ಟಗಾಗುತ್ತದೆ. ಕತೆ ಓದು ಅಂದರೆ ಹೊಟ್ಟೆನೋವು ಬರುತ್ತದೆ. ಅವಳಂಥದ್ದೇ ಒಬ್ಬ ತುಂಟಿಯ ಕತೆ ಕೊಟ್ಟರೆ ಓದಿಯಾಳು ಅಂತ ನಾನೇ ಒಂದು ಚಿತ್ರಪುಸ್ತಕ ಮಾಡಿದೆ. ನಾಲ್ಕು ಎ4 ಹಾಳೆ ಮಧ್ಯಕ್ಕೆ ಮಡಚಿ, ಬೆನ್ನಿಗೆ ಎರಡು ಪಿನ್ ಹೊಡೆದೆ. 16 ಪುಟ ಆಯಿತು. ಚಿತ್ರವೂ ನನ್ನದೇ. ಬೆಕ್ಕು ಸ್ವಲ್ಪ ದಿಂಬಿನ ಹಾಗೆ ಬಂದಿದೆ, ಅದನ್ನು ಬಿಡಿ.

ಕತೆ ಇಷ್ಟು: ಹುಡುಗಿ ತಾತನ ಕನ್ನಡಕ ತೆಗೆದು ಬೆಕ್ಕಿಗೆ ಹಾಕುತ್ತಾಳೆ. ಮನೆಯವರೆಲ್ಲ ಹುಡುಕುತ್ತಾರೆ. ಬೆಕ್ಕು ಓಡುತ್ತದೆ, ಕನ್ನಡಕ ಬಿದ್ದು ಒಡೆಯುತ್ತದೆ, ಹುಡುಗಿಗೆ ಬೈಗುಳ, ಕೊನೆಗೆ ಬುದ್ಧಿ ಬರುತ್ತದೆ. ಶುರು ಹೀಗಿತ್ತು:

"ಸ್ಫೂರ್ತಿ ತುಂಬಾ ತುಂಟ ಹುಡುಗಿಯಾಗಿದ್ದಳು. ಒಂದು ದಿನ ಅವಳು ತಾತನ ಕನ್ನಡಕವನ್ನು ಬೆಕ್ಕಿನ ಮೂಗಿನ ಮೇಲೆ ಸಿಕ್ಕಿಸಿ ಮಂಚದ ಕೆಳಗೆ ಅಡಗಿಸಿಟ್ಟುಬಿಟ್ಟಳು."

ಅಕ್ಕನ ಮಗಳು ಮೊದಲ ಪದದ ಮೇಲೆ ಬೆರಳಿಟ್ಟಳು. "ಸೂ... ಫೂ... ತಿ... ರ್..." ಅಂದಳು. ಇನ್ನೊಂದು ಸಲ ಅಂದಳು. ಆಮೇಲೆ ನನ್ನ ಮುಖ ನೋಡಿ, "ಮಾಮ, ಇವಳ ಹೆಸರು ಯಾಕೆ ಇಷ್ಟು ಕಷ್ಟ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ನಾನೇ ಓದಿ ಹೇಳಿದೆ.

ಮಾರನೇ ದಿನ ಅವಳೇ ಪುಸ್ತಕ ತಂದು ಗಡಗಡ ಓದಿದಳು. ನಾನು ಹಿಗ್ಗಿ ಹೀರೇಕಾಯಿ ಆದೆ. ಆಮೇಲೆ ನೋಡಿದರೆ ಎರಡು ಪುಟ ಅಂಟಿಕೊಂಡು ಒಟ್ಟಿಗೆ ಮಗುಚಿದ್ದವು. ಅವಳು ಮಾತ್ರ ಬಿಟ್ಟುಹೋದ ಪುಟದ ಸಾಲನ್ನೇ ಹೇಳುತ್ತಾ ಹೋಗುತ್ತಿದ್ದಳು! ಅಕ್ಷರದ ಕಡೆ ಕಣ್ಣೇ ಇಲ್ಲ.

ಇನ್ನೊಂದು ವಿಷಯ. ಕೊನೆಯ ಪುಟ, ಅಂದರೆ "ಅಂದಿನಿಂದ ಸ್ಫೂರ್ತಿ ಒಳ್ಳೆಯ ಹುಡುಗಿಯಾದಳು" ಅನ್ನುವುದು ಬಂದಾಗ ಪ್ರತಿ ಸಲ "ಈ ಪುಟ ಬೇಡ" ಅಂತ ಪುಸ್ತಕ ಮುಚ್ಚುತ್ತಾಳೆ. ಅಕ್ಕನದು ಉಲ್ಟಾ ವಾದ. "ಅದೊಂದು ಪುಟ ಇರಲೇಬೇಕು ಕಣೋ, ಇಲ್ಲದಿದ್ದರೆ ನಾಳೆ ನನ್ನ ಕನ್ನಡಕ ಕಾಣೆಯಾಗುತ್ತದೆ" ಅನ್ನುತ್ತಾಳೆ.

ಹಾಗಾಗಿ ಎರಡು ಪ್ರಶ್ನೆ. ಇದನ್ನು ಅವಳೇ ಓದುವ ಹಾಗೆ ಸುಲಭ ಮಾಡುವುದು ಹೇಗೆ? ಮತ್ತೆ, ಕೊನೆಯ ಪುಟ ಇರಬೇಕಾ, ಬೇಡವಾ?

---

ಹಳೇ ಬಳಪ ಉತ್ತರ:

ನೋಡಪ್ಪ, ನಾನು 27 ವರ್ಷ ಒಂದನೇ ತರಗತಿಗೆ ಪಾಠ ಮಾಡಿದವಳು. ಮೊದಲು ನಿನ್ನ ನಾಯಕಿಯ ಹೆಸರಿನಿಂದಲೇ ಶುರು ಮಾಡೋಣ. ಸ್ಫೂರ್ತಿ. ಕಾಣುವುದು ಎರಡೇ ಅಕ್ಷರ. ಆದರೆ ಒಳಗೆ ನೋಡು. ಸಕಾರದ ಕೆಳಗೆ ಫಕಾರದ ಒತ್ತು, ಅದರ ಮೇಲೆ ದೀರ್ಘ, ಆಮೇಲೆ ಅರ್ಕಾವತ್ತು. ಅರ್ಕಾವತ್ತು ಬರೆಯುವುದು ತಕಾರ ಆದ ಮೇಲೆ, ಹೇಳುವುದು ಅದಕ್ಕಿಂತ ಮೊದಲು. ಎಡದಿಂದ ಬಲಕ್ಕೆ ಬೆರಳಿಟ್ಟು ಓದುವ ಮಗು "ತಿ... ರ್" ಅಂದರೆ ಅದು ತಪ್ಪು ಓದಿಲ್ಲ, ಕಂಡದ್ದನ್ನು ಕಂಡ ಹಾಗೆ ಓದಿದೆ. ಪಾಪ, ಅವಳಿಗೆ ಶಹಬ್ಬಾಸ್ ಹೇಳು.

ಹಾಗಂತ ಒತ್ತಕ್ಷರವೇ ಬೇಡ ಅಂತ ಕೆಲವರು ಬರೆಯುತ್ತಾರೆ. ನಾನೂ ಒಂದು ಸಲ ಪಟ್ಟು ಹಿಡಿದು ಕೂತೆ. ಆಗ ಗೊತ್ತಾಯಿತು, ಒತ್ತು ಇಲ್ಲದಿದ್ದರೆ ಕತೆಯೊಳಗೆ ಮನೆಯವರು ಯಾರೂ ಬರುವ ಹಾಗಿಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ, ಎಲ್ಲರಿಗೂ ಒತ್ತು! ತಾತ, ಮಾಮ, ತಂಗಿ ಇಂಥ ಕೆಲವರು ಮಾತ್ರ ಬಚಾವು. ಬೆಕ್ಕು ಇಲ್ಲ, ಹಕ್ಕಿ ಇಲ್ಲ, "ಇಲ್ಲ" ಅನ್ನುವ ಪದವೂ ಇಲ್ಲ. ತುಂಟ ಮಗುವಿನ ಕತೆಯಲ್ಲಿ "ಇಲ್ಲ" ಇಲ್ಲದೆ ನಡೆಯುತ್ತದಾ?

ಅದಕ್ಕೆ ನಾನು ಹಿಡಿದ ದಾರಿ, ಅದೇ ಅಕ್ಷರಕ್ಕೆ ಅದೇ ಒತ್ತು ಇರುವ ಪದ ಮಾತ್ರ. ಅಕ್ಕ, ಅಪ್ಪ, ಬೆಟ್ಟ, ಅಜ್ಜಿ. ಇಲ್ಲಿ ಕೆಳಗಿರುವುದು ಮೇಲಿನ ಅಕ್ಷರದ ಮರಿ, ಮಗು ತಾನೇ ಗುರುತು ಹಿಡಿಯುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ತಾಯಿಯನ್ನು ಹೋಲುವುದಿಲ್ಲ. "ಅಮ್ಮ" ಬರೆದು ಕೆಳಗಿನದ್ದು ಏನು ಅಂತ ಕೇಳಿ ನೋಡು, ಮಕ್ಕಳು ತಬ್ಬಿಬ್ಬಾಗುತ್ತಾರೆ. ಆದರೂ ಅಮ್ಮ, ಇಲ್ಲ, ಎಲ್ಲಿ ಇವು ದಿನಾ ಕಣ್ಣಿಗೆ ಬೀಳುವ ಪದಗಳು. ಇಡೀ ಪದವನ್ನೇ ಮುಖದ ಹಾಗೆ ಗುರುತಿಟ್ಟುಕೊಳ್ಳುತ್ತಾರೆ. ನಿನ್ನ "ಕನ್ನಡಕ"ವೂ ಅಷ್ಟೇ. ಕತೆಯೇ ಅದರ ಮೇಲೆ ನಿಂತಿದೆ, ಇರಲಿ ಬಿಡು.

ಮುಂದಿನದ್ದು ಪದದ ಉದ್ದ. "ಅಡಗಿಸಿಟ್ಟುಬಿಟ್ಟಳು" ಎಂಟು ಅಕ್ಷರ. ಮಗು "ಳು" ತಲುಪುವ ಹೊತ್ತಿಗೆ "ಅಡ" ಮರೆತಿರುತ್ತದೆ. ಅದೂ 12 ಪದಗಳ ವಾಕ್ಯದ ಕೊನೆಯಲ್ಲಿ! ಒಂದು ಪುಟಕ್ಕೆ ನಾಲ್ಕೈದು ಪದ ಸಾಕು.

ಕ್ರಿಯಾಪದದ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಆಡುಮಾತಿನಲ್ಲಿ ಬರೆದರೆ ಸುಲಭ ಅಂದುಕೊಂಡು "ಹೋಗ್ತಾಳೆ" ಅಂತ ಬರೆಯುತ್ತಾರೆ. ಕಿವಿಗೆ ಸುಲಭ, ಕಣ್ಣಿಗಲ್ಲ. ಗಕಾರಕ್ಕೆ ತಕಾರದ ಒತ್ತು ಬಂತಲ್ಲ! "ಹೋಗುತ್ತಾಳೆ" ಒಂದು ಅಕ್ಷರ ಉದ್ದವಾದರೂ ಓದಲು ವಾಸಿ. ಎಲ್ಲಕ್ಕಿಂತ ಸುಲಭ "ಹೋದಳು". ಓಡಿದಳು, ನೋಡಿದಳು, ಹುಡುಕಿದಳು. ಕತೆಯನ್ನು ನಡೆದುಹೋದ ಹಾಗೆ ಹೇಳು, ಅರ್ಧ ತೊಂದರೆ ತಾನಾಗಿ ಹೋಗುತ್ತದೆ.

ಅವಳು ಬಾಯಿಪಾಠ ಮಾಡಿದ್ದಾಳಾ ಅಂತ ತಿಳಿಯಬೇಕಾದರೆ ಕೊನೆಯ ಪುಟದಿಂದ ಹಿಂದಕ್ಕೆ ಓದಿಸು. ಅಥವಾ ಸಾಲುಗಳನ್ನು ಚೀಟಿಯಲ್ಲಿ ಬರೆದು ಚಿತ್ರ ಇಲ್ಲದೆ ಕೊಡು. ಬೈಯಬೇಡ. ಬಾಯಿಪಾಠವೂ ಒಂದು ಮೆಟ್ಟಿಲೇ, ಅಲ್ಲೇ ಕೂತುಬಿಡಬಾರದು ಅಷ್ಟೇ.

ಮತ್ತೆ ಚಿತ್ರ ಸ್ವಲ್ಪ ಕಡಿಮೆ ಮಾಡು. ಬೆಕ್ಕಿನ ಚಿತ್ರದ ಕೆಳಗೆ "ಬೆಕ್ಕು" ಅಂತ ಬರೆದರೆ ಮಗು ಓದುವುದು ಚಿತ್ರವನ್ನು.

---

ಅರ್ಧ ಗೀಟು ಉತ್ತರ:

ಟೀಚರ್ ಹೇಳಿದ ಅಕ್ಷರದ ವಿಷಯಕ್ಕೆ ಕೈಮುಗಿದೆ. ಆದರೆ ಚಿತ್ರ ಕಡಿಮೆ ಮಾಡು ಅಂದದ್ದಕ್ಕೆ ಒಪ್ಪುವುದಿಲ್ಲ. ನಾನು ಚಿತ್ರ ಬರೆದು ಹೊಟ್ಟೆ ಹೊರೆಯುವವನು, ಅದಕ್ಕೇ ಉರಿ ಅಂತ ಬೇಕಾದರೂ ಅಂದುಕೊಳ್ಳಿ.

ಚಿತ್ತುಕಾಟು ಅವರೇ, ನಿಮ್ಮ ತೊಂದರೆ ಚಿತ್ರ ಜಾಸ್ತಿ ಆಗಿದ್ದಲ್ಲ. ಚಿತ್ರ ಮತ್ತು ಮಾತು ಎರಡೂ ಒಂದನ್ನೇ ಹೇಳುತ್ತಿವೆ. "ಕನ್ನಡಕವನ್ನು ಬೆಕ್ಕಿನ ಮೂಗಿನ ಮೇಲೆ ಸಿಕ್ಕಿಸಿ" ಅಂತ ಬರೆದು ಅದನ್ನೇ ಚಿತ್ರವನ್ನೂ ಮಾಡಿದ್ದೀರಿ. ಒಂದನ್ನು ನೋಡಿದ ಮೇಲೆ ಇನ್ನೊಂದು ಯಾಕೆ ಬೇಕು? ಮಗು ಸರಿಯಾಗೇ ಲೆಕ್ಕ ಹಾಕಿದೆ.

ತುಂಟಿಯ ಕತೆಯಲ್ಲಿ ಮಾತು ಸುಳ್ಳು ಹೇಳಬೇಕು, ಚಿತ್ರ ನಿಜ ಹೇಳಬೇಕು. "ನಾನು ನೋಡಿಲ್ಲ ಅಂದಳು" ಅಂತ ಬರೆಯಿರಿ. ಚಿತ್ರದಲ್ಲಿ ಅವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸೂರು ನೋಡುತ್ತಿರಲಿ, ಬಾಗಿಲ ಸಂದಿಯಲ್ಲಿ ಬೆಕ್ಕಿನ ಬಾಲ ಕಾಣಲಿ. ಆಗ ಚಿತ್ರ ನೋಡಿ ಪದ ಊಹಿಸಲು ಆಗುವುದಿಲ್ಲ. ಪದ ಓದಿದರೆ ಮಾತ್ರ ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ಗೊತ್ತಾಗುತ್ತದೆ. ಓದುವ ಮಗು ಕಳ್ಳಿಯನ್ನು ಹಿಡಿಯುತ್ತದೆ. ದೊಡ್ಡವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಅನ್ನುವ ಖುಷಿಗೆ ಮಗು ಹತ್ತು ಸಲ ಓದುತ್ತದೆ.

"ತುಂಬಾ ತುಂಟ ಹುಡುಗಿಯಾಗಿದ್ದಳು" ತೆಗೆದುಬಿಡಿ. ತುಂಟಿ ಅಂತ ನೀವು ಯಾಕೆ ಹೇಳಬೇಕು? ಅವಳ ಹುಬ್ಬು ಹೇಳುತ್ತದೆ.

ಇನ್ನು ಪುಟ ಮಗುಚುವ ವಿಷಯ. 16 ಪುಟದಲ್ಲಿ ಒಂದನೆಯದು ಹೊದಿಕೆ, 16ನೆಯದು ಹಿಂಬದಿ. ಮಧ್ಯದಲ್ಲಿ 2-3, 4-5 ಅಂತ 14-15ರವರೆಗೆ ಏಳು ಜೋಡಿಪುಟ ಸಿಗುತ್ತವೆ. ಪ್ರಶ್ನೆ ಯಾವಾಗಲೂ ಬಲಗಡೆಯ ಪುಟದಲ್ಲಿ ಮುಗಿಯಲಿ, ಗುಟ್ಟು ಮಗುಚಿದ ಮೇಲೆ ಎಡಗಡೆ ಸಿಗಲಿ. ಎರಡನ್ನೂ ಎದುರುಬದುರು ಇಟ್ಟರೆ ಕಣ್ಣು ಮೊದಲೇ ಕದ್ದು ನೋಡಿಬಿಡುತ್ತದೆ. ಯಾರ ಮುಖವನ್ನೂ ಮಧ್ಯದ ಮಡಿಕೆಯ ಮೇಲೆ ಬರೆಯಬೇಡಿ, ಮೂಗು ಪಿನ್ ಒಳಗೆ ಹೋಗುತ್ತದೆ (ಅನುಭವದ ಮಾತು).

ಅಕ್ಷರ ದಪ್ಪಗೆ ಇರಲಿ, ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಮಗುವಿಗೆ ಅದು ಹೊಸ ಅಕ್ಷರ. ಮತ್ತೆ, ಪದ ಸಾಲಿನ ತುದಿಯಲ್ಲಿ ತುಂಡಾಗಬಾರದು. ಜಾಗ ಸಾಲದಿದ್ದರೆ ಬೆಕ್ಕನ್ನು ಚಿಕ್ಕದು ಮಾಡಿ. ದಿಂಬು ಹೇಗೂ ಮಡಚಬಹುದು.

---

ಎರಡು ಜಡೆ ಉತ್ತರ:

ನಿಮ್ಮ ಅಕ್ಕನ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ! ನನಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಅಪ್ಪಟ ಕಿಲಾಡಿಗಳು. ಪುಸ್ತಕ ನೋಡಿ ಮಾಡುತ್ತಾರಾ ಅಂದರೆ, ಹೌದು, ಮಾಡುತ್ತಾರೆ. ಆದರೆ ಕೊನೆಯಲ್ಲಿ ಬುದ್ಧಿ ಬಂತು ಅಂತ ಬರೆದಿದ್ದಕ್ಕೆ ಯಾರೂ ನಿಲ್ಲಿಸಿಲ್ಲ. ಗೋಡೆಗೆ ಬಣ್ಣ ಬಳಿದು ಬೈಸಿಕೊಂಡ ಹುಡುಗಿಯ ಕತೆ ಓದಿದ ನನ್ನ ಚಿಕ್ಕವಳು ಗೋಡೆಗೆ ಬಣ್ಣ ಬಳಿದಳು. "ಈಗ ನೀನು ಬೈ" ಅಂತ ಮುಖ ಮುಂದೆ ಚಾಚಿದಳು!

ನಾನು ನೋಡುವುದು ಒಂದೇ. ಮಗು ಹಾಗೇ ಮಾಡಿದರೆ ಏನಾಗುತ್ತದೆ? ಬೆಂಕಿಪೊಟ್ಟಣ, ಸ್ವಿಚ್ಚು, ಮಾತ್ರೆ ಡಬ್ಬಿ, ಎತ್ತರದಿಂದ ಜಿಗಿಯುವುದು, ಇವು ಕತೆಯಲ್ಲಿ ಬೇಡವೇ ಬೇಡ, ಎಷ್ಟು ನಗು ಬಂದರೂ. ಬೆಕ್ಕಿಗೆ ಕನ್ನಡಕ ಹಾಕಿದರೆ ಬೆಕ್ಕು ಒಂದು ಪರಚು ಪರಚುತ್ತದೆ, ಅಷ್ಟೇ. ಆದರೆ ಕನ್ನಡಕ ಒಡೆಯುವುದು ಬೇಡ. ಗಾಜಿನ ಚೂರಿಗಾಗಿ ಹೇಳುತ್ತಿಲ್ಲ. ಒಡೆದರೆ ಕತೆ ತಮಾಷೆಯಿಂದ ನಷ್ಟದ ಕಡೆ ಹೊರಳುತ್ತದೆ, ಆಮೇಲೆ ಬೈಯದೆ ವಿಧಿಯಿಲ್ಲ.

ಅಂದಹಾಗೆ, ಕೀಟಲೆ, ತರಲೆ ಅನ್ನುವ ಪದಗಳಲ್ಲಿ ಒತ್ತೇ ಇಲ್ಲ. ಚೇಷ್ಟೆಯಲ್ಲಿ ಇದೆ. ಟೀಚರ್ ಹೇಳಿದ ಮೇಲೆ ಇಡೀ ದಿನ ಇದನ್ನೇ ಎಣಿಸುತ್ತಾ ಕೂತಿದ್ದೇನೆ.

---

ಧೂಳು ಕಪಾಟು ಉತ್ತರ:

ಕೊನೆಯ ಪುಟದ ಜಗಳ ಹಳೆಯದು. 1865ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬುಶ್ ಮಾಕ್ಸ್, ಮೋರಿಟ್ಸ್ ಅನ್ನುವ ಇಬ್ಬರು ತುಂಟ ಹುಡುಗರ ಚಿತ್ರಕತೆ ತಂದ. ಕೊನೆಯಲ್ಲಿ ಆ ಹುಡುಗರನ್ನು ಗಿರಣಿಗೆ ಹಾಕಿ ಬೀಸುತ್ತಾರೆ, ಹಕ್ಕಿಗಳು ತಿಂದು ಮುಗಿಸುತ್ತವೆ. ನಿಮ್ಮ ಅಕ್ಕ ಕೇಳಿದ್ದು ಬರೀ ಬುದ್ಧಿ ಬರುವ ಪುಟ, ಪುಣ್ಯ! 1945ಕ್ಕೆ ಬಂದರೆ ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಬರೆದ ಪಿಪ್ಪಿ. ಒಂಬತ್ತು ವರ್ಷದ ಹುಡುಗಿ, ಒಂದು ಕುದುರೆ, ಒಂದು ಕೋತಿ, ಹೇಳುವವರು ಕೇಳುವವರು ಇಲ್ಲ. ಅವಳಿಗೆ ಕೊನೆಯವರೆಗೂ "ಬುದ್ಧಿ" ಬರುವುದಿಲ್ಲ. ಮಕ್ಕಳು ಕೆಡುತ್ತಾರೆ ಅಂತ ಆಗಲೂ ಕೂಗು ಎದ್ದಿತ್ತು. ಅದು ಓದು ಕಲಿಯುವವರ ಪುಸ್ತಕ ಅಲ್ಲ, ಸ್ವಲ್ಪ ದೊಡ್ಡ ಮಕ್ಕಳದ್ದು, ಆದರೂ ಮಾತು ಬಂತು ಅಂತ ಹೇಳಿದೆ.

ಇನ್ನೊಂದು. ಇಂಗ್ಲಿಷಿನಲ್ಲಿ 1957ರಲ್ಲಿ ಡಾಕ್ಟರ್ ಸ್ಯೂಸ್ ಬರೀ 236 ಬೇರೆಬೇರೆ ಪದ ಬಳಸಿ ಟೋಪಿ ಬೆಕ್ಕಿನ ಇಡೀ ಪುಸ್ತಕ ಬರೆದರು ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ಆ ಲೆಕ್ಕ ನಮಗೆ ಹಾಗೇ ಕೂರುವುದಿಲ್ಲ. ಅವರ ಬೆಕ್ಕು ಎಲ್ಲಿ ಹೋದರೂ ಬೆಕ್ಕೇ. ನಮ್ಮದು ಬೆಕ್ಕು, ಬೆಕ್ಕಿನ, ಬೆಕ್ಕಿಗೆ, ಬೆಕ್ಕನ್ನು, ಬೆಕ್ಕಿನಿಂದ. ಮಗುವಿನ ಕಣ್ಣಿಗೆ ಐದು ಬೆಕ್ಕು. ಪದ ಎಣಿಸುವ ಬದಲು ಪದದ ರೂಪ ಎಣಿಸಿ. ಒಂದೇ ರೂಪ ಮತ್ತೆ ಮತ್ತೆ ಬರುವ ಹಾಗೆ ವಾಕ್ಯ ಕಟ್ಟಿ. "ಮೇಲೆ ಇದೆಯಾ? ಇಲ್ಲ." "ಕೆಳಗೆ ಇದೆಯಾ? ಇಲ್ಲ." ಹೀಗೆ.

---

ಚಿತ್ತುಕಾಟು ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಮೂರು ರಾತ್ರಿ ಕೂತು ಬೇರೆ ಪುಸ್ತಕವನ್ನೇ ಮಾಡಿದೆ. ಸ್ಫೂರ್ತಿ ಈಗ ಸುಮಿ. ಹೊದಿಕೆಯ ಮೇಲೆ "ಕನ್ನಡಕ ಎಲ್ಲಿ?". ಒಳಗೆ ಇಷ್ಟೇ:

2-3: ತಾತನ ಕನ್ನಡಕ ಎಲ್ಲಿ? "ನಾನು ನೋಡಿಲ್ಲ" ಅಂದಳು ಸುಮಿ.
4-5: ಮಂಚದ ಮೇಲೆ ಇದೆಯಾ? ಇಲ್ಲ.
6-7: ಮೇಜಿನ ಕೆಳಗೆ ಇದೆಯಾ? ಇಲ್ಲ.
8-9: ದಿಂಬಿನ ಒಳಗೆ ಇದೆಯಾ? ಇಲ್ಲ.
10-11: ಅಜ್ಜಿ ಹುಡುಕಿದರು. ಅಪ್ಪ ಹುಡುಕಿದರು. ಸುಮಿ ಕೂಡ ಹುಡುಕಿದಳು.
12-13: ಮಿಯಾವ್!
14-15: ಕನ್ನಡಕ ಸಿಕ್ಕಿತು. "ಯಾರ ಕೆಲಸ ಇದು?"
16: "ಬೆಕ್ಕಿನ ಕೆಲಸ" ಅಂದಳು ಸುಮಿ.

ಮೊದಲು "ಅಪ್ಪ ಹುಡುಕಿದ, ಅಜ್ಜಿ ಹುಡುಕಿದಳು" ಅಂತ ಇತ್ತು. ದೊಡ್ಡವರಿಗೆಲ್ಲ "ಹುಡುಕಿದರು" ಅಂತ ಮಾಡಿದೆ. ಮರ್ಯಾದೆಯೂ ಆಯಿತು, ಓದಲು ಒಂದೇ ರೂಪವೂ ಆಯಿತು. "ಳು" ಈಗ ಸುಮಿಗೆ ಮಾತ್ರ ಮೀಸಲು.

ಬೆಕ್ಕು ಯಾವ ಪುಟದ ಮಾತಿನಲ್ಲೂ ಬರುವುದಿಲ್ಲ, ಕೊನೆಯದರಲ್ಲಿ ಮಾತ್ರ. ಚಿತ್ರದಲ್ಲಿ ಮಾತ್ರ 2ನೇ ಪುಟದಿಂದ ಇದೆ. ಮೊದಲು ಬಾಲ, ಆಮೇಲೆ ಕಿವಿ, ಆಮೇಲೆ ಕನ್ನಡಕದ ಒಂದು ಕಡ್ಡಿ. 16ನೇ ಪುಟದಲ್ಲಿ ಸುಮಿಯ ಬೆನ್ನ ಹಿಂದೆ ತಾತನ ಒಂದು ಚಪ್ಪಲಿ ಇಟ್ಟಿದ್ದೇನೆ. ಬುದ್ಧಿ ಬರುವ ಪುಟ ತೆಗೆದೆ. ಅಕ್ಕ ಚಪ್ಪಲಿ ನೋಡಿ "ಅಯ್ಯೋ" ಅಂದಳು, ಅಷ್ಟೇ. ಒಪ್ಪಿದಳು ಅಂತ ನಾನು ಅಂದುಕೊಂಡಿದ್ದೇನೆ.

ನಿನ್ನೆ ಸಂಜೆ ಪುಸ್ತಕ ಕೊಟ್ಟೆ. ನಾನು ಒಂದು ಸಾಲೂ ಓದಿ ಹೇಳಲಿಲ್ಲ. ಬೆರಳಿಟ್ಟು ಓದಿದಳು. "ಕ... ನ್... ಕನ್ನಡ... ಕನ್ನಡಕ!" ಇಲ್ಲಿ ಒಂದು ನಿಮಿಷ ಹಿಡಿಯಿತು, ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. "ನಾನು ನೋಡಿಲ್ಲ ಅಂದಳು ಸುಮಿ" ಅಂತ ಓದಿ ಮುಂದಿನ ಪುಟಕ್ಕೆ ಹೋದಳು. ಮಂಚ ಆಯಿತು, ಮೇಜು ಆಯಿತು. ಮೇಜಿನ ಪುಟದಲ್ಲಿ ಬೆಕ್ಕಿನ ಕಿವಿಯ ಹತ್ತಿರ ಏನೋ ಹೊಳೆಯುತ್ತಿರುವುದು ಕಂಡಿತು. ಸುಮ್ನೆ ನಿಂತಳು. ಹಿಂದಕ್ಕೆ ಹಿಂದಕ್ಕೆ ಮಗುಚಿ 2ನೇ ಪುಟಕ್ಕೆ ಬಂದಳು. ಬೆರಳಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿದಳು, ಈ ಸಲ ನಿಧಾನವಾಗಿ. ಬಾಲ ನೋಡಿದಳು. ಸುಮಿಯ ಮುಖ ನೋಡಿದಳು.

"ಸುಳ್ಳಿ!" ಅಂತ ಕಿರುಚಿದಳು ನೋಡಿ, ಅಕ್ಕ ಒಳಗಿಂದ ಓಡಿ ಬಂದಳು.

ಆಮೇಲೆ ನನ್ನ ಪೆನ್ಸಿಲ್ ಕಿತ್ತುಕೊಂಡು ಆ ಸಾಲಿನ ಕೆಳಗೆ "ಸುಳು" ಅಂತ ಬರೆದಳು. ಬಾಯಲ್ಲಿ ಹೇಳಿ ನೋಡಿದಳು, ತಲೆ ಆಡಿಸಿದಳು. ಆಮೇಲೆ ಕೆಳಗೆ ಒತ್ತು ಸೇರಿಸಿದಳು. ಜಾಗ ಸಾಲದೆ ಅದು ಬೆಕ್ಕಿನ ಬಾಲದ ಮೇಲೇ ಕೂತಿದೆ, ಬಾಲಕ್ಕಿಂತ ದಪ್ಪ.

ಟೀಚರ್, ಅದನ್ನು ಅಳಿಸಿ ಪುಟ ನೀಟಾಗಿ ಮಾಡಲಾ?

---

ಹಳೇ ಬಳಪ ಉತ್ತರ:

ರಬ್ಬರ್ ಮುಟ್ಟಿದರೆ ನೋಡು. ಚಿತ್ರದ ವಿಷಯದಲ್ಲಿ ಅರ್ಧ ಗೀಟು ಹೇಳಿದ್ದು ಸರಿ, ನನ್ನದು ತಪ್ಪು, ಒಪ್ಪಿದೆ. ಚಪ್ಪಲಿಯ ಪುಸ್ತಕ ಯಾವಾಗ?